ನಾಯಿ ಕೇಳಿತ್ತಾ?



ಇವತ್ತು ಈ ಹೊತ್ತಿಗೆ ನೀವು ಐವತ್ತು ಸೆಕೆಂಡಿನ ಒಂದು ಮುದ್ದಾದ ವಿಡಿಯೋ ನೋಡಬೇಕಿತ್ತು. ಒಂದು ಜಲಪಾತ, ಅದರ ಬುಡದ ಗುಂಡಿಯಲ್ಲಿ ಈಜುವ ಒಂದು ಗೋಲ್ಡನ್ ರಿಟ್ರೀವರ್, ದಡದಲ್ಲಿ ಚಪ್ಪಾಳೆ ತಟ್ಟುವ ಹುಡುಗರು, ಹಿನ್ನೆಲೆಯಲ್ಲಿ ಒಂದು ಹಾಡು. ಶನಿವಾರ ಸಂಜೆಗೆ ಹೇಳಿ ಮಾಡಿಸಿದ ಐಟಂ. ಡೆಸ್ಕಿನಲ್ಲಿ ಹೆಡ್‌ಲೈನ್ ಕೂಡ ರೆಡಿ ಇತ್ತು: ವೀಕೆಂಡ್ ಮಸ್ತಿಯಲ್ಲಿ ಶ್ವಾನ. ನಾನು ಬೇಡ ಅಂದೆ. "ಯಾಕೆ, ನಾಯಿ ಅಂದ್ರೆ ನಿಮಗೆ ಪ್ರಾಣ ಅಲ್ವಾ?" ಅಂತ ಪ್ರೊಡ್ಯೂಸರ್ ಕೇಳಿದರು. ಅದಕ್ಕೇ ಬೇಡ ಅಂದಿದ್ದು. ಕಾರಣ ಹೇಳೋದಕ್ಕೆ ಐವತ್ತು ಸೆಕೆಂಡ್ ಸಾಲದು ಅಂತ ಈ ಹೊತ್ತನ್ನು ಕೇಳಿ ತಗೊಂಡಿದ್ದೀನಿ.

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಅಂಥದ್ದೇ ಒಂದು ವಿಡಿಯೋ ನನ್ನ ಫೋನಿನಲ್ಲೂ ಇದೆ. ಮೊದಲ ಹದಿನೆಂಟು ಸೆಕೆಂಡ್ ತುಂಬಾ ಚೆನ್ನಾಗಿದೆ. ಆಮೇಲಿನದ್ದನ್ನು ನಾನು ಯಾರಿಗೂ ತೋರಿಸಿಲ್ಲ.

ನಮ್ಮೂರು ಬೆಳುವಾಯಿ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಚಿಟ್ಟೆ ಪಾರ್ಕ್ ಇರುವ ಊರು ಅಂದರೆ ಈಗ ಜನಕ್ಕೆ ಬೇಗ ಗೊತ್ತಾಗುತ್ತೆ. ನಾನು ಇಂಜಿನಿಯರಿಂಗ್ ಓದಿ, ಟಿವಿ ಸೇರಿ, ಬೆಂಗಳೂರಿನ ಆರನೇ ಮಹಡಿಯಲ್ಲಿ ಬಾಡಿಗೆಗೆ ಇರುವವಳು. ನನ್ನ ಜತೆ ಇರುವವನು ಬ್ರೂನೋ, ಮೂರು ವರ್ಷದ ಲ್ಯಾಬ್ರಡಾರ್. ಊರಿನ ಮನೆಯಲ್ಲಿ ಅಜ್ಜಿ ಮತ್ತು ಅಮ್ಮ. ಅಜ್ಜಿಗೆ ಬ್ರೂನೋ ಅನ್ನೋದು ಬಾಯಿಗೆ ಬರಲ್ಲ, "ಬೂರ್ನು" ಅಂತಾರೆ. ಅವರ ನಾಯಿ ಬೊಳ್ಳು. ತುಳುವಿನಲ್ಲಿ ಬೊಳ್ಳು ಅಂದರೆ ಬಿಳಿಯ. ನಮ್ಮ ಕಡೆ ಅರ್ಧ ಊರಿನ ನಾಯಿಗಳ ಹೆಸರು ಅದೇ. ಬಣ್ಣ ಕಪ್ಪಾಗಿದ್ದರೂ ಕೆಲವು ಸಲ ಅದೇ.

ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಬುಲೆಟಿನ್ ಮುಗಿಸಿ, ಬ್ರೂನೋನ ಹಿಂದಿನ ಸೀಟಿಗೆ ಹತ್ತಿಸಿ, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಊರು ಸೇರೋದು ನನ್ನ ಅಭ್ಯಾಸ. ಮೂಡಿಗೆರೆ ದಾಟುವಾಗೆಲ್ಲ ತೇಜಸ್ವಿಯವರ ನೆನಪು. 'ಪರಿಸರದ ಕತೆ' ಓದಿ ಬೆಳೆದವರು ನಾವು. ಅದರಲ್ಲಿ ಬರುವ ಅವರ ನಾಯಿ ಕಿವಿ ಯಾರಿಗೆ ಗೊತ್ತಿಲ್ಲ? ನಾಯಿ ಜತೆ ಕಾಡು ತಿರುಗಬೇಕು ಅನ್ನೋ ಆಸೆ ನನ್ನ ತಲೆಗೆ ಹೊಕ್ಕಿದ್ದು ಇನ್‌ಸ್ಟಾಗ್ರಾಮ್‌ಗಿಂತ ಎಷ್ಟೋ ಮೊದಲು. ಆದರೆ ತೇಜಸ್ವಿ ಇದ್ದದ್ದೇ ಆ ಕಾಡಿನ ಅಂಚಿನಲ್ಲಿ. ಅಲ್ಲಿನ ಹಳ್ಳ, ಹಾವು, ಹಕ್ಕಿ ಎಲ್ಲ ಅವರಿಗೆ ನೆರೆಹೊರೆ. ನಾನು ಎರಡು ದಿನಕ್ಕೆ ಬರುವವಳು. ಈ ವ್ಯತ್ಯಾಸ ನನಗೆ ಹೊಳೆಯೋಕೆ ಬಹಳ ಸಮಯ ಬೇಕಾಯ್ತು.

ಬೆಳುವಾಯಿಯಿಂದ ಬೆಳ್ತಂಗಡಿ ಕಡೆಗೆ ಒಂದು ಗಂಟೆ ಚಿಲ್ಲರೆ ಹೋದರೆ ಘಟ್ಟದ ಬುಡ. ಕುದುರೆಮುಖದ ಸಾಲಿನಿಂದ ಮಳೆಗಾಲದಲ್ಲಿ ಎಷ್ಟು ಬಿಳಿ ಗೆರೆಗಳು ಇಳಿಯುತ್ತವೆ ಅಂತ ಲೆಕ್ಕ ಇಟ್ಟವರಿಲ್ಲ. ತುಳುವಿನಲ್ಲಿ ಜಲಪಾತಕ್ಕೆ ಅರ್ಬಿ ಅಂತಾರೆ. ಅದರಲ್ಲಿ ದೊಡ್ಡ ಹೆಸರು ಬಂಡಾಜೆ ಅರ್ಬಿ. ಸುಮಾರು 200 ಅಡಿಯಿಂದ ಬೀಳುವ ನೀರು, ಇನ್ನೂ ಮೇಲೆ ಹೋದರೆ ಬಲ್ಲಾಳರಾಯನ ದುರ್ಗ. ಬ್ರೂನೋನ ಜತೆ ನಾನು ಮೊದಲು ಹೊರಟಿದ್ದು ಅಲ್ಲಿಗೇ.

ಹೊರಟಿದ್ದೇ ಬಂತು. ಕಾಡಿನ ಬಾಯಲ್ಲೇ ಒಬ್ಬ ಫಾರೆಸ್ಟ್ ವಾಚರ್ ತಡೆದರು. "ಮೇಡಂ, ನಾಯಿ ಬಿಡ್ಲಿಕ್ಕಿಲ್ಲ."

ನನಗೆ ಸಿಟ್ಟು ಬಂತು. 'ನಾನು ಯಾರು ಗೊತ್ತಾ' ಅನ್ನೋ ಮಾತು ನಾಲಿಗೆ ತುದಿಗೆ ಬಂದು ವಾಪಸ್ ಹೋಯ್ತು, ದೇವರು ದೊಡ್ಡವನು. ಅದರ ಬದಲು ಮಹಾಭಾರತ ತೆಗೆದೆ. ಧರ್ಮರಾಯ ಹಿಮಾಲಯ ಹತ್ತಿದ್ದು ನಾಯಿ ಜತೆಗೇ ಅಲ್ವಾ? ನಾಯಿನ ಬಿಟ್ಟು ಬಾ ಅಂತ ಇಂದ್ರನೇ ಹೇಳಿದರೂ, ಹಾಗಾದರೆ ನನಗೆ ಸ್ವರ್ಗವೇ ಬೇಡ ಅಂದನಲ್ಲ? ವಾಚರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕು, "ಸರಿ ಮೇಡಂ. ನೀವೂ ಹಾಗೇ ಹೇಳಿ, ವಾಪಸ್ ಹೋಗಿ" ಅಂದರು.

ಕಾರಿನ ತನಕ ಜತೆಗೇ ಬಂದು ಅವರು ಒಂದು ಮಾತು ಹೇಳಿದರು. ಚಿರತೆ ಬಂದು ನಿಮ್ಮ ನಾಯಿಯನ್ನು ಹಿಡಿದೀತು ಅನ್ನುವ ಹೆದರಿಕೆ ನಿಮಗಿರಬಹುದು, ನಮಗೆ ಹೆದರಿಕೆ ನಿಮ್ಮ ನಾಯಿಯಿಂದ. ನನಗೆ ಅರ್ಥ ಆಗಲಿಲ್ಲ. ಬ್ರೂನೋ ಅಳಿಲನ್ನು ಕಂಡರೂ ಬಾಲ ಅಲ್ಲಾಡಿಸುವವನು. ಬೆಂಗಳೂರಿಗೆ ಬಂದು ಹುಡುಕಿ ಓದಿದ ಮೇಲೆ ಅರ್ಥ ಆಯ್ತು.

ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಿದ್ದು 1987ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಥ ಕಡೆ ಅನುಮತಿ ಇಲ್ಲದೆ ಮನುಷ್ಯರೇ ಕಾಲಿಡುವ ಹಾಗಿಲ್ಲ. ಆದರೆ ಕಾನೂನಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸುದ್ದಿ. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಆ ಸುದ್ದಿಯನ್ನು ನಾವೆಲ್ಲ ಓದಿದ್ದೆವು, ಮರೆತೂ ಇದ್ದೆವು. ಅವುಗಳಲ್ಲಿ ಕೆಲವದರ ಮೈಯಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್. ನಾಯಿಮರಿಗೆ ಎರಡು ತಿಂಗಳಾಗುವಾಗ ನಾವು ಚುಚ್ಚಿಸುತ್ತೇವಲ್ಲ, ಅದೇ ಕಾಯಿಲೆ. ಅದಕ್ಕೂ ಮೊದಲು 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ವೈರಸ್ಸಿಗೆ ಸುಮಾರು ಸಾವಿರ ಸಿಂಹಗಳು ಹೋದವು, ಅಂದರೆ ಅಲ್ಲಿದ್ದ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು. ಸುತ್ತಲ ಹಳ್ಳಿಗಳ ಸಾಕುನಾಯಿಗಳಿಂದ ಬಂತು ಅಂತ ವಿಜ್ಞಾನಿಗಳ ಅಂದಾಜು. ನಮ್ಮ ಘಟ್ಟದಲ್ಲಿ ಸಿಂಹ ಇಲ್ಲ, ನಿಜ. ಕಾಡುನಾಯಿ ಇದೆ, ಸೀಳುನಾಯಿ ಅಂತಲೂ ಕರೀತಾರೆ. ನಾಯಿಯ ರೋಗ ನಾಯಿಯ ನೆಂಟನಿಗೆ ಬಹಳ ಸುಲಭವಾಗಿ ದಾಟುತ್ತೆ. ಅದಕ್ಕೆ ಬ್ರೂನೋ ಯಾರನ್ನೂ ಕಚ್ಚಬೇಕಾಗಿಲ್ಲ. ದಾರಿಯಲ್ಲಿ ಒಂದು ಕಡೆ ಕಾಲೆತ್ತಿದರೆ, ಒಂದು ಕಡೆ ಮೂಗು ಸೀನಿದರೆ ಸಾಕು.

ನನ್ನ ನಾಯಿಗೆ ಎಲ್ಲ ಲಸಿಕೆ ಆಗಿದೆ ಅಂತ ಅವತ್ತು ನಾನು ವಾಚರ್‌ಗೆ ಎದೆ ತಟ್ಟಿ ಹೇಳಿದ್ದೆ. ಅದು ಸುಳ್ಳಾಗಿತ್ತು. ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಇಷ್ಟೆಲ್ಲ ಓದಿದ ಮೇಲೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಬಂಡಾಜೆ ಬೇಡ, ಗೇಟು ಇಲ್ಲದ ಕಡೆ ಹೋದರಾಯ್ತು ಅಂತ ಲೆಕ್ಕ ಹಾಕಿದೆ. ಓದಿದ್ದು ತಲೆಯೊಳಗೆ ಇತ್ತು, ಕಾಲು ಅದರ ಪಾಡಿಗೆ ಅದು ಹೊರಟಿತ್ತು. ಹೀಗೆ ಹೋಗಿ ಸೇರಿದ್ದು ಕಾಜೂರಿನ ಹತ್ತಿರದ ಎರ್ಮಾಯಿ ಫಾಲ್ಸ್‌ಗೆ. ತೋಟದ ಬದಿ, ಕಾಡಿನ ಸೆರಗು, ಒಂದೆರಡು ಕಡೆ ಹೊಳೆಗೇ ಇಳಿದು ದಾಟುವ ದಾರಿ. ತುಳುವಿನಲ್ಲಿ ಎರು ಅಂದರೆ ಉಳುವ ಎತ್ತು, ಕೋಣ. ಕಂಬಳದ ಕೋಣಗಳಿಗೆ ಎರ್ಲು ಅಂತಾರಲ್ಲ, ಅದೇ ಶಬ್ದ. ಉಳುವ ಜೋಡಿಯೊಂದು ಇಲ್ಲಿ ಮಾಯವಾಯ್ತಂತೆ, ಅದಕ್ಕೇ ಎರ್ಮಾಯಿ ಅಂತ ಹೆಸರು ಬಂತು ಅನ್ನೋದು ಊರಿನವರು ಹೇಳುವ ಕತೆ. ಸಾಕಿದ ಪ್ರಾಣಿ ಮಾಯವಾದ ಜಾಗ ಅಂತ ಹೆಸರಿನಲ್ಲೇ ಬರೆದಿದೆ. ನಾನು ತುಳು ಮಾತಾಡುವವಳು. ನನಗೇ ಅದು ಕೇಳಿಸಲಿಲ್ಲ.

ಅಕ್ಟೋಬರ್ ಮೊದಲ ವಾರ. ನಮ್ಮ ತಲೆ ಮೇಲೆ ಬಿಸಿಲು. ಘಟ್ಟದ ಮೇಲೆ ಮಾತ್ರ ಕಪ್ಪು ಮೋಡ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ, ಯಾಕೆಂದರೆ ವೀಕೆಂಡಿಗೆ ನಮ್ಮ ಕಡೆ ಬರುವ ಹೆಚ್ಚಿನವರಿಗೆ ಇದು ಗೊತ್ತಿರಲ್ಲ. ನೀವು ನಿಂತ ಜಾಗದಲ್ಲಿ ಹನಿ ಮಳೆ ಇಲ್ಲದಿದ್ದರೂ, ಮೇಲೆ ಒಂದು ಗಂಟೆ ಜೋರು ಸುರಿದರೆ ಕೆಳಗೆ ನೀರು ಏರುತ್ತೆ. ತಿಳಿ ಇದ್ದ ನೀರು ಕೆಂಪಾಗುತ್ತೆ, ತರಗೆಲೆ, ಕಡ್ಡಿ ತೇಲಿ ಬರುತ್ತವೆ, ಬೀಳುವ ಸದ್ದು ದಪ್ಪ ಆಗುತ್ತೆ. 2019ರ ಆಗಸ್ಟ್‌ನಲ್ಲಿ ಇದೇ ಘಟ್ಟದ ಬುಡದ ಊರುಗಳಿಗೆ ಮರ, ಬಂಡೆ, ಮಣ್ಣು ಎಲ್ಲ ಹೊಳೆಯಲ್ಲೇ ಇಳಿದು ಬಂದಿತ್ತು, ಚಾರ್ಮಾಡಿ ರಸ್ತೆ ತಿಂಗಳುಗಟ್ಟಲೆ ಬಂದ್ ಆಗಿತ್ತು. ಆ ಸುದ್ದಿ ಓದಿದ್ದು ನಾನೇ.

ನನ್ನ ವಿಡಿಯೋದ ಮೊದಲ ಹದಿನೆಂಟು ಸೆಕೆಂಡ್ ಹೀಗಿದೆ. ನಾನು ಕೋಲು ಎಸೀತೀನಿ, ಬ್ರೂನೋ ಹಾರಿ ಈಜಿ ತಂದು ಕೊಡ್ತಾನೆ. ಮತ್ತೆ ಎಸೀತೀನಿ, ಸ್ವಲ್ಪ ದೂರ. ಲ್ಯಾಬ್ರಡಾರ್ ಅಂದರೆ ಈಜೋದಕ್ಕೇ ಬೆಳೆಸಿದ ತಳಿ. ಮೀನುಗಾರರ ಜತೆ ತಣ್ಣೀರಿನಲ್ಲಿ ಕೆಲಸ ಮಾಡಿದ ವಂಶ, ಕಾಲ್ಬೆರಳ ನಡುವೆ ಪೊರೆ ಇದೆ. ಇದೆಲ್ಲ ನನಗೆ ಬಾಯಿಪಾಠ. ಹತ್ತೊಂಬತ್ತನೇ ಸೆಕೆಂಡಿಗೆ ಅವನು ನೊರೆಯ ಅಂಚು ಮುಟ್ಟಿದ. ತಲೆ ಒಮ್ಮೆ ಒಳಗೆ ಹೋಗಿ ಮೇಲೆ ಬಂತು. ಇಪ್ಪತ್ತೊಂದಕ್ಕೆ ಪುನಃ ಹೋಯ್ತು. ಆಮೇಲೆ ಫೋನು ಕೈಯಿಂದ ಬಿತ್ತು. ಅದರಲ್ಲಿ ಇರುವುದು ಆಕಾಶ, ಅಡಿಕೆ ಮರದ ತುದಿ, ಮತ್ತು ನನ್ನ ಕೂಗು.

ನಾನು ಇಂಜಿನಿಯರಿಂಗ್ ಓದಿದವಳು ಅಂದೆನಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್ ಅಂತ ಒಂದು ಪೇಪರ್ ಇತ್ತು, ಪಾಸಾಗಿದ್ದೆ. ನೀರಿನ ವೇಗ ಎರಡರಷ್ಟಾದರೆ ಅದು ಮೈಯನ್ನು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತೆ. ವೇಗ ಮೂರರಷ್ಟಾದರೆ ಬಲ ಒಂಬತ್ತರಷ್ಟು. ಜಲಪಾತದ ಬುಡದ ಬಿಳಿ ನೊರೆಯಲ್ಲಿ ಇರೋದು ಅರ್ಧ ನೀರು, ಅರ್ಧ ಗಾಳಿ. ಅದು ಯಾರನ್ನೂ ತೇಲಿಸಲ್ಲ, ಎಷ್ಟೇ ಒಳ್ಳೆ ಈಜುಗಾರನಾದರೂ ಅಲ್ಲಿ ಕೈಕಾಲಿಗೆ ಆಧಾರ ಸಿಗಲ್ಲ. ಬುಡದ ಸುಳಿ ಒಳಕ್ಕೇ ಎಳೆದುಕೊಳ್ಳುತ್ತೆ. ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕು ಬಂದಿತ್ತು. ಅವತ್ತು ಆ ದಡದಲ್ಲಿ ಒಂದಕ್ಷರ ನೆನಪಾಗಲಿಲ್ಲ. ನಾನು ಶೂ ಬಿಚ್ಚುತ್ತಿದ್ದೆ, ಇಳಿಯೋದಕ್ಕೆ.

"ಅಕ್ಕಾ, ಇಳಿಬೇಡಿ! ನಾಯಿ ಬರ್ತದೆ. ನೀವು ಹೋದ್ರೆ ನೀವು ಬರುದಿಲ್ಲ!"

ಹಿಂದಿನಿಂದ ಕೂಗಿದ್ದು ತೋಟದ ಕೆಲಸದವರೊಬ್ಬರು, ಐವತ್ತು ದಾಟಿದವರು, ಕೈಯಲ್ಲಿ ಕತ್ತಿ. ಓಡಿ ಬಂದು ನನ್ನ ತೋಳು ಹಿಡಿದುಕೊಂಡರು. ನಾನು ಕೊಸರಾಡಿದೆ, ಬೈದೆ ಕೂಡ. ಬಿಡಲಿಲ್ಲ. ಬ್ರೂನೋ ಸುಳಿ ತಪ್ಪಿಸಿಕೊಂಡು ಹರಿವಿಗೆ ಸಿಕ್ಕಿದ, ತುಂಬಾ ಕೆಳಗೆ ಹೋಗಿ ಒಂದು ಮರದ ಬೇರಿಗೆ ಸಿಕ್ಕಿಕೊಂಡ. ಅವರು ದಡದಲ್ಲೇ ಓಡಿ, ಬೇರಿನ ಮೇಲೆ ಮಲಗಿ, ಅವನ ಕುತ್ತಿಗೆಯ ಬೆಲ್ಟಿಗೆ ಕೈ ಹಾಕಿದರು. ಬೆಲ್ಟು ತಲೆಯಿಂದ ಜಾರಿ ಕೈಗೆ ಬಂತು! ಆಮೇಲೆ ಕಿವಿ, ಚರ್ಮ, ಸಿಕ್ಕಿದ್ದನ್ನು ಹಿಡಿದು ಎಳೆದರು. ಎದೆಗೆ ಕಟ್ಟುವ ಹಾರ್ನೆಸ್ ಅಂತ ಬರುತ್ತೆ, ಬೆನ್ನ ಮೇಲೆ ಹಿಡಿಕೆ ಇರುತ್ತೆ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ನಾನು ಅದನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೆ.

ಅವರಿಗೆ ದುಡ್ಡು ಕೊಡೋಕೆ ಹೋದೆ. ತಗೊಳ್ಳಲಿಲ್ಲ. "ನಾಯಿಯ ಹಿಂದೆ ಇಳಿದವರನ್ನು ತೆಗೀಲಿಕ್ಕೆ ಪುನಃ ನಾವೇ ಇಳೀಬೇಕಲ್ಲ" ಅಂದರು, ಅಷ್ಟೇ.

ಈ ಮಾತು ನನ್ನನ್ನು ಬಹಳ ದಿನ ಕಾಡಿದೆ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕ ಜಾರಿ ಬಿದ್ದ ದೃಶ್ಯ ನಿಮಗೆ ನೆನಪಿರಬಹುದು. ಚಾನೆಲ್‌ಗಳಲ್ಲಿ ಅದು ಎಷ್ಟು ಸಲ ಓಡಿತು ಅಂತ ಎಣಿಸಿದವರಿಲ್ಲ. ಅವರ ದೇಹ ಹುಡುಕೋದಕ್ಕೆ ಅಷ್ಟು ದಿನ ಆ ನೀರಿಗೆ ಇಳಿದವರ ಮುಖ ಎಷ್ಟು ಸಲ ತೋರಿಸಿದೆವು?

ಬ್ರೂನೋ ಬದುಕಿದ. ಮುಂಗಾಲಿನ ಅಂಗಾಲು ಹರಿದಿತ್ತು. ಅಮ್ಮ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದರು, ನಾವು ಬೆಂಗಳೂರಿಗೆ ವಾಪಸಾದೆವು. ಕತೆ ಮುಗೀತು ಅಂದುಕೊಂಡೆ. ಎಂಟನೇ ದಿನ ಅವನು ಊಟ ಬಿಟ್ಟ. ಲ್ಯಾಬ್ರಡಾರ್ ಸಾಕಿದವರಿಗೆ ಗೊತ್ತು, ಲ್ಯಾಬ್ರಡಾರ್ ಊಟ ಬಿಟ್ಟಿತು ಅಂದರೆ ಏನು ಅರ್ಥ ಅಂತ. ಜ್ವರ, ವಾಂತಿ, ಮೂತ್ರ ಹಳದಿ. ಡಾಕ್ಟರು ಮೊದಲು ಕೇಳಿದ್ದು, "ಎಲ್ಲಾದರೂ ನಿಂತ ನೀರು, ಹೊಳೆ ನೀರು ಕುಡಿದಿದ್ದಾನಾ?" ಎರಡನೆಯದು, "ಲಸಿಕೆ ಬುಕ್ ತನ್ನಿ." ತೆಗೆದು ನೋಡಿದರೆ ವರ್ಷಕ್ಕೊಮ್ಮೆ ಹಾಕಿಸಬೇಕಾದ ಚುಚ್ಚುಮದ್ದಿನ ದಿನ ದಾಟಿ ಎರಡು ತಿಂಗಳಾಗಿತ್ತು. ವಾಚರ್ ಮುಂದೆ ಎದೆ ತಟ್ಟಿದ್ದೆನಲ್ಲ, ಅವತ್ತಿಗೇ ದಿನ ದಾಟಿತ್ತು.

ಇಲಿಜ್ವರ. ನಮ್ಮ ದಕ್ಷಿಣ ಕನ್ನಡದವರಿಗೆ ಹೊಸದಲ್ಲ, ಮಳೆಗಾಲದಲ್ಲಿ ಗದ್ದೆಗೆ, ತೋಟಕ್ಕೆ ಇಳಿಯುವವರಿಗೆ ಬರುತ್ತೆ. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಸಾಕು. ಅದು ನಾಯಿಗೂ ಬರುತ್ತೆ, ನಾಯಿಯ ಮೂತ್ರದಿಂದ ಮನೆಯವರಿಗೂ ದಾಟುತ್ತೆ. "ಗ್ಲೌಸ್ ಹಾಕಿಕೊಂಡೇ ಒರೆಸಿ. ಮನೆಯಲ್ಲಿ ಮಕ್ಕಳಿದ್ದಾರಾ?" ಅಂತ ಡಾಕ್ಟರು ಕೇಳಿದಾಗ ನನ್ನ ಕೈ ತಣ್ಣಗಾಯ್ತು. ಮಕ್ಕಳಿರಲಿಲ್ಲ. ಆದರೆ ಬೆಳುವಾಯಿಯಲ್ಲಿ ಎರಡು ರಾತ್ರಿ ಅವನು ಮಲಗಿದ್ದು ಅಜ್ಜಿಯ ಚಾಪೆ ಪಕ್ಕ. ದೇವರ ದಯೆ, ಅಜ್ಜಿಗೆ ಏನೂ ಆಗಲಿಲ್ಲ. ಬ್ರೂನೋಗೆ ಐದು ದಿನ ಡ್ರಿಪ್, ವಾರಗಟ್ಟಲೆ ಮಾತ್ರೆ. ಕಿಡ್ನಿಯ ರಿಪೋರ್ಟಿನ ನಂಬರ್ ಇಳಿಯುತ್ತಾ ಅಂತ ದಿನಾ ನೋಡುತ್ತಿದ್ದೆ, ಚುನಾವಣಾ ಫಲಿತಾಂಶದ ದಿನ ಕೂಡ ಹಾಗೆ ನೋಡಿಲ್ಲ.

ಹುಷಾರಾದ ಮೇಲೆ ಊರಿಗೆ ಹೋದೆ. ಅಜ್ಜಿಗೆ ಎಲ್ಲ ಹೇಳಿದೆ, ಮೊದಲ ಸಲ ಪೂರ್ತಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೀಡಿ ಕಟ್ಟುವ ಗೆರಸೆ ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ. ತುಳುವಿನಲ್ಲಿ ಕೇಳಿದ್ದು, ಕನ್ನಡದಲ್ಲಿ ಹೇಳ್ತೀನಿ: "ಅರ್ಬಿ ನೋಡ್ಬೇಕು ಅಂತ ನಾಯಿ ಕೇಳಿತ್ತಾ ಮಗಾ?"

ಕೇಳಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಆರನೇ ಮಹಡಿಯಿಂದ ಕೆಳಗಿಳಿಯೋದು, ಮಣ್ಣು ಮೂಸೋದು, ನಾನು ಫೋನು ನೋಡದೆ ಒಂದು ಗಂಟೆ ಜತೆಗಿರೋದು. ಇನ್ನೂರು ಅಡಿ ನೀರು ಬೇಕಾಗಿದ್ದು ನನಗೆ.

ಹಾಗಂತ ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಿ ಅಂತ ನಾನು ಹೇಳ್ತಿಲ್ಲ. ನಾಯಿ ನಡೆಯಲೇಬೇಕು. ಎಲ್ಲಿ, ಯಾವಾಗ ಅನ್ನೋದು ಲೆಕ್ಕ. ಮಳೆಗಾಲದ ಕಾಡಿನಲ್ಲಿ ಉಂಬಳ, ಮೂಗಿನ ಹೊಳ್ಳೆಗೂ ಹೋಗಿ ಕೂರುತ್ತೆ. ಮಳೆ ನಿಂತು ಒಣಗಿದ ಮೇಲೆ ಉಣ್ಣಿ. ಮಂಗನ ಕಾಯಿಲೆ ಅಂದರೆ ಶಿವಮೊಗ್ಗದ್ದು ಅಂತ ನಾವು ತಿಳಿದಿದ್ದೇವೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು ನಿಜ. ಆದರೆ 1982-83ರಲ್ಲಿ ಅದು ನಮ್ಮ ಬೆಳ್ತಂಗಡಿ ತಾಲ್ಲೂಕಿಗೇ ಬಂದು ಬಹಳ ಜನರನ್ನು ಕೊಂಡುಹೋಯ್ತು. ಅದು ದಾಟೋದು ಉಣ್ಣಿಯಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕಾಡಿಗೆ ಹೋಗಿ ಬಂದ ದನವಾಗಲಿ ನಾಯಿಯಾಗಲಿ ಮೈಮೇಲೆ ಉಣ್ಣಿ ಹೊತ್ತು ಮನೆಯೊಳಗೇ ಬರುತ್ತೆ. ಬಿಸಿಲಿನಲ್ಲಿ ನಮ್ಮ ಪದವಿನ ಮುರಕಲ್ಲು ಹಂಚಿನ ಹಾಗೆ ಕಾಯುತ್ತೆ. ನಾವು ಶೂ ಹಾಕಿರ್ತೇವೆ, ನಾಯಿ ಹಾಕಿರಲ್ಲ. ನಿಮ್ಮ ಅಂಗೈಯನ್ನು ಆ ಕಲ್ಲಿನ ಮೇಲೆ ಐದು ಸೆಕೆಂಡ್ ಇಡೋಕೆ ಆಗದಿದ್ದರೆ ಅದಕ್ಕೂ ನಡೆಯೋಕೆ ಆಗಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಂಪಾಗಬೇಕು. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಅದೂ ಕಷ್ಟ. ಮತ್ತೆ ಒಂದು ವಿಷಯ: ನಾಯಿಗೆ ಸಾಕು ಅನ್ನೋದು ಗೊತ್ತಾಗಲ್ಲ. ನೀವು ನಡೆದರೆ ಅದು ನಡೆಯುತ್ತೆ, ಬೀಳುವ ತನಕ. ನೀವು ಎಸೆದರೆ ಅದು ಹಾರುತ್ತೆ.

2024ರ ಜನವರಿ 26ರ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲು ನಿಂತ ದೃಶ್ಯ ನೋಡಿ ಎಲ್ಲರೂ ಬೆಚ್ಚಿದೆವು. ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ಇಷ್ಟೇ ಜನ ಅಂತ ಮಿತಿ ಬಂತು. ಗೊಣಗಿದವರಲ್ಲಿ ನಾನೂ ಒಬ್ಬಳು. ಈಗ ಗೊಣಗುತ್ತಿಲ್ಲ. ಬಂಡಾಜೆಗೆ ಹೋಗುವಾಗ ಅನುಮತಿ ತಗೊಂಡು ನಾನೊಬ್ಬಳೇ ಹೋದೆ. ಅದೇ ವಾಚರ್ ಇದ್ದರು. "ಧರ್ಮರಾಯನ ನಾಯಿ ಎಲ್ಲಿ ಮೇಡಂ?" ಅಂದರು. ಬೊಳ್ಳು ಜತೆ ಬೆಳುವಾಯಿಯಲ್ಲಿದೆ ಅಂದೆ.

ನಮ್ಮ ಮನೆ ಹಿಂದೆ ಗದ್ದೆ ದಾಟಿದರೆ ಒಂದು ತೋಡು. ನವೆಂಬರ್‌ನಲ್ಲಿ ಮೊಣಕಾಲು ಮಟ್ಟದ ನೀರು, ಕೆಳಗೆ ಮರಳು ಕಾಣುತ್ತೆ. ಒಂದು ಕಟ್ಟದ ಹತ್ತಿರ ಎರಡಡಿ ಎತ್ತರದಿಂದ ನೀರು ಬೀಳುತ್ತೆ. ಬ್ರೂನೋ ಅದರ ಕೆಳಗೆ ಹೋಗಿ ಕೂರ್ತಾನೆ, ಕುತ್ತಿಗೆ ತನಕ ಮುಳುಗಿ, ಕಣ್ಣು ಮುಚ್ಚಿ. ಬೊಳ್ಳು ನೀರಿಗೆ ಇಳಿಯಲ್ಲ. ದಡದಲ್ಲಿ ನಿಂತು, ಇದೆಂಥ ಹುಚ್ಚು ಅನ್ನೋ ಹಾಗೆ ನೋಡ್ತಾನೆ. ಹೊರಡುವ ಮೊದಲು ಅಜ್ಜಿ ಜಗಲಿಯಿಂದ ಕೂಗುತ್ತಾರೆ: "ಆರು ಗಂಟೆಯೊಳಗೆ ಎರಡನ್ನೂ ಒಳಗೆ ಹಾಕ್ಬೇಕು, ಗೊತ್ತುಂಟಲ್ಲ?" ಚಿರತೆ ಭಯ. ಅಜ್ಜಿಯ ಭಯ ಅಂತ ಹಿಂದೆ ನಗುತ್ತಿದ್ದೆ. ಮಹಾರಾಷ್ಟ್ರದ ಅಕೋಲೆ ಕಡೆಯ ಹಳ್ಳಿ-ಹೊಲಗಳ ಚಿರತೆಗಳು ಏನು ತಿನ್ನುತ್ತವೆ ಅಂತ ವಿಜ್ಞಾನಿಗಳು ನೋಡಿದಾಗ ಎಲ್ಲಕ್ಕಿಂತ ದೊಡ್ಡ ಪಾಲು ಸಾಕುನಾಯಿಯದು, ಸುಮಾರು ಶೇ. 39. ಈಗ ಐದೂವರೆಗೇ ತೋಡಿನಿಂದ ಏಳ್ತೀವಿ.

ಇವತ್ತು ರಾತ್ರಿ ಹೊರಡಬೇಕು. ಹಾರ್ನೆಸ್ ಬಾಗಿಲ ಹಿಂದಿನ ಮೊಳೆಯಲ್ಲಿದೆ, ಲಸಿಕೆ ಬುಕ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿದೆ. ಬ್ರೂನೋ ಈಗಾಗಲೇ ಬಾಗಿಲ ಮುಂದೆ ಮಲಗಿರ್ತಾನೆ.